ಹಳೆಯ ಪಾರ್ಕೆ ನೆಲಕ್ಕೆ ಮತ್ತೆ ಪಾಲಿಶ್: ಎಷ್ಟು ಉಜ್ಜಬಹುದು, ಯಾವ ನಂಬರಿನಿಂದ ಶುರು?

ಪ್ರಶ್ನೆ

20 ಚದರ ಮೀಟರಿನ ಕೋಣೆ. ಓಕ್ ಮರದ ಪಾರ್ಕೆ ನೆಲ, ಪಟ್ಟಿಗಳನ್ನು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಜೋಡಿಸಿದ್ದಾರೆ. ಓಡಾಡುವ ಜಾಗದಲ್ಲೆಲ್ಲ ವಾರ್ನಿಷ್ ಸವೆದು ಮರ ಕಪ್ಪಾಗಿದೆ. ಬಾಗಿಲ ಹತ್ತಿರ ನಾಲ್ಕೈದು ಪಟ್ಟಿ ಅಲುಗಾಡುತ್ತವೆ, ಸಂದುಗಳು 1–2 ಮಿ.ಮೀ. ಇವೆ. ಡ್ರಮ್ ಸ್ಯಾಂಡರ್ (ತಿರುಗುವ ಉರುಳೆಗೆ ಉಜ್ಜು ಕಾಗದ ಸುತ್ತಿದ ಯಂತ್ರ) ಬಾಡಿಗೆಗೆ ತಂದು ನಾವೇ ಮಾಡಬಹುದೇ? ನಾರು ಎರಡು ದಿಕ್ಕಿಗಿರುವಾಗ ಯಂತ್ರವನ್ನು ಯಾವ ಕಡೆ ಓಡಿಸಬೇಕು?

ಉತ್ತರ 1

ಯಂತ್ರ ತರುವ ಮೊದಲು ಮರ ಎಷ್ಟು ಉಳಿದಿದೆ ನೋಡಿ. ಹೊಸ್ತಿಲ ಪಟ್ಟಿ ಬಿಚ್ಚಿದರೆ ನೆಲದ ಅಂಚು ಕಾಣುತ್ತದೆ. ಲೆಕ್ಕಕ್ಕೆ ಬರುವುದು ಪಟ್ಟಿಯ ಪೂರ್ತಿ ದಪ್ಪವಲ್ಲ, ಒಂದಕ್ಕೊಂದು ಸಿಕ್ಕಿಸುವ ತೋಡಿನ ಮೇಲಿರುವ ಮರ ಮಾತ್ರ. ಒಂದು ಸಲ ಪೂರ್ತಿ ಉಜ್ಜಿದರೆ 0.5ರಿಂದ 1 ಮಿ.ಮೀ. ಹೋಗುತ್ತದೆ. ತೋಡಿನ ಮೇಲೆ 2 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಡ್ರಮ್ ಮುಟ್ಟಲೇಬೇಡಿ.

ಇನ್ನೊಂದು, ಮೇಣ. ಬಿಳಿ ಬಟ್ಟೆಗೆ ವೈಟ್ ಸ್ಪಿರಿಟ್ (ಬಣ್ಣ ತೆಳು ಮಾಡುವ ದ್ರಾವಕ) ಹಾಕಿ ಮೂಲೆಯಲ್ಲಿ ಉಜ್ಜಿ. ಬಟ್ಟೆಗೆ ಕಂದು ಜಿಡ್ಡು ಹತ್ತಿದರೆ ಮೇಣವಿದೆ ಎಂದರ್ಥ. ಅದು ಉಜ್ಜುವ ಪೇಪರಿಗೆ ಮೆತ್ತಿಕೊಳ್ಳುತ್ತದೆ, ಸಂದಿನೊಳಗೆ ಉಳಿದರೆ ಕೊನೆಗೆ ಬಳಿಯುವ ಲ್ಯಾಕರ್ (ವಾರ್ನಿಷ್‌ನಂಥ ಹೊಳಪು ಲೇಪ) ಅಲ್ಲಿ ಹಿಡಿಯುವುದಿಲ್ಲ.

ಅಲುಗಾಡುವ ಪಟ್ಟಿ ಎತ್ತಿದಾಗ ಅಡಿಯಲ್ಲಿ ಕಪ್ಪು ಡಾಂಬರಿನಂಥ ಅಂಟು ಕಂಡರೆ ಅಲ್ಲೇ ನಿಲ್ಲಿಸಿ. ಹಳೆಯ ಕಪ್ಪು ಅಂಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಇದರ ಹುಡಿ ಉಸಿರಿಗೆ ಅಪಾಯಕಾರಿ) ಇರಬಹುದು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಅದನ್ನು ಹೆರೆಯಬೇಡಿ, ಉಜ್ಜಬೇಡಿ.

ಉತ್ತರ 2

ಕಣ್ಣಿಗೆ ಕಾಣದ ಸಡಿಲ ಪಟ್ಟಿಗಳೂ ಇರುತ್ತವೆ. ನಾಣ್ಯದಿಂದ ನೆಲವಿಡೀ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಟೇಪ್ ಅಂಟಿಸಿ ಗುರುತು ಮಾಡಿ. ಎಲ್ಲವನ್ನೂ ಅಂಟಿಸಿ, ಮೇಲೆ ಭಾರ ಹೇರಿ, ಅಂಟು ಪೂರ್ತಿ ಒಣಗಲು ಬಿಡಿ. ಮೊಳೆ ತಲೆಗಳನ್ನು 2–3 ಮಿ.ಮೀ. ಒಳಗೆ ಹೊಡೆಯಿರಿ.

ಆಮೇಲೆ ಉಜ್ಜುವ ಪೇಪರ್ ಈ ನಂಬರಿನ ಕ್ರಮದಲ್ಲಿ: 40, 60, 80, 100 (ನಂಬರ್ ಹೆಚ್ಚಿದಷ್ಟೂ ಕಾಳು ಸಣ್ಣದು). ಓಕ್ ಗಟ್ಟಿ ಮರ, ನಡುವೆ ನಂಬರ್ ಹಾರಿಸಿದರೆ 40ರ ಗೀರುಗಳನ್ನು 100ರ ಪೇಪರ್ ತೆಗೆಯುವುದಿಲ್ಲ, ಮೇಲೆ ಮೇಲೆ ನುಣುಪು ಮಾಡುತ್ತದೆ ಅಷ್ಟೇ. ಲ್ಯಾಕರ್ ಬಿದ್ದ ಕೂಡಲೇ ಎಲ್ಲ ಎದ್ದು ಕಾಣುತ್ತವೆ. ಪ್ರತಿ ನಂಬರಿಗೂ ಮೊದಲು ನೆಲದ ಮೇಲೆ ಪೆನ್ಸಿಲಿನಿಂದ ಅಡ್ಡಾದಿಡ್ಡಿ ಗೀಚಿ. ಗೆರೆ ಉಳಿದ ಕಡೆ ತಗ್ಗಿದೆ, ಪೇಪರ್ ಅಲ್ಲಿಗೆ ತಾಗಿಲ್ಲ. ಗೆರೆ ಪೂರ್ತಿ ಅಳಿಸಿದ ಮೇಲೆ ವ್ಯಾಕ್ಯೂಮ್ ಹಿಡಿದು ಮುಂದಿನ ನಂಬರ್. ಹಿಂದಿನ ಪೇಪರಿನ ಒಂದೇ ಒಂದು ಕಾಳು ನೆಲದಲ್ಲಿ ಉಳಿದರೂ ಉದ್ದಕ್ಕೆ ಗೀರೆಳೆಯುತ್ತದೆ.

ದಿಕ್ಕು: ವಿನ್ಯಾಸದ ಸಾಲಿನ ಉದ್ದಕ್ಕೇ ಓಡಿಸಿ. ಆಗ ಎರಡೂ ಕಡೆಯ ನಾರಿಗೆ 45 ಡಿಗ್ರಿಯಲ್ಲಿ ತಾಗುತ್ತದೆ. ಹೀಗೆ ಓಡಿಸಿದರೂ ಓರೆ ಗೀರು ಉಳಿದೇ ಉಳಿಯುತ್ತದೆ, ಆದ್ದರಿಂದ ಕೊನೆಯ 100 ನಂಬರನ್ನು ಡ್ರಮ್ಮಿನಲ್ಲಿ ಬೇಡ, ತಟ್ಟೆ ತಿರುಗುವ ಯಂತ್ರದಲ್ಲಿ ಮಾಡಿ. ಡ್ರಮ್ಮನ್ನು ನಡೆಯುತ್ತಲೇ ಇಳಿಸಿ, ನಿಲ್ಲುವ ಮೊದಲೇ ಎತ್ತಿ. ನಿಂತಲ್ಲಿ ತಿರುಗಿದರೆ ಎರಡು ಸೆಕೆಂಡಿನಲ್ಲಿ ಹಳ್ಳ.

ಹುಡಿಯ ಚೀಲವನ್ನು ರಾತ್ರಿ ಮನೆಯೊಳಗೆ ಇಡಬೇಡಿ. ಹಳೆಯ ವಾರ್ನಿಷ್ ಬೆರೆತ ಹುಡಿ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಲೋಹದ ಡಬ್ಬಿಗೆ ಸುರಿಯಿರಿ.

ಪ್ರಶ್ನೆ ಕೇಳಿದವರು

ಸಂದು ತುಂಬಲು ಈ ಹುಡಿಯೇ ಸಾಕೇ? ಲ್ಯಾಕರ್ ಎಷ್ಟು ಬೇಕು?

ಉತ್ತರ 3

40ರ ಹುಡಿ ಬೇಡ, ಅದರಲ್ಲಿ ಹಳೆಯ ವಾರ್ನಿಷ್ ಇರುತ್ತದೆ, ಸಂದು ಕಪ್ಪಗೆ ಕಾಣುತ್ತದೆ. 80ರ ಹುಡಿಯನ್ನು ಪಾರ್ಕೆಗೆಂದೇ ಬರುವ ಫಿಲ್ಲರ್ ದ್ರವದಲ್ಲಿ ಕಲಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ಇಡೀ ನೆಲಕ್ಕೆ ಅಗಲ ಕರಣೆಯಲ್ಲಿ ಎಳೆಯಿರಿ. ಒಣಗಿದ ಮೇಲೆ 100 ನಂಬರ್ ಮೇಲಿನ ಪದರವನ್ನು ತೆಗೆದುಬಿಡುತ್ತದೆ. 2 ಮಿ.ಮೀ. ದಾಟಿದ ಸಂದಿಗೆ ಫಿಲ್ಲರ್ ನಿಲ್ಲುವುದಿಲ್ಲ, ಮರದ ಸೀಳು ಕೂರಿಸಿ.

ನೀರು ಆಧಾರಿತ ಪಾಲಿಯುರೆಥೇನ್ ಲ್ಯಾಕರ್ ಒಂದು ಕೋಟು (ಒಂದು ಸಲದ ಬಳಿತ) ಹಾಕಲು ಚದರ ಮೀಟರಿಗೆ ಸುಮಾರು 100 ಮಿ.ಲೀ. ಹಿಡಿಯುತ್ತದೆ. 20 ಚದರ ಮೀಟರಿಗೆ ಮೂರು ಕೋಟು ಎಂದರೆ 6 ಲೀಟರ್. ಅದಕ್ಕೂ ಮೊದಲು ಪ್ರೈಮರ್ (ಲ್ಯಾಕರಿಗೆ ಮುಂಚಿನ ತಳಪದರ) ಹಾಕುವುದನ್ನು ತಪ್ಪಿಸಬೇಡಿ. ಬರಿಯ ಲ್ಯಾಕರ್ ಸಂದಿಗಿಳಿದರೆ ಅಕ್ಕಪಕ್ಕದ ಪಟ್ಟಿಗಳು ಅಂಟಿಕೊಳ್ಳುತ್ತವೆ. ಒಣ ಹವೆಯಲ್ಲಿ ಮರ ಕುಗ್ಗಿದಾಗ ಹತ್ತು ಪಟ್ಟಿಯ ಸಣ್ಣ ಸಂದೆಲ್ಲ ಸೇರಿ ಒಂದೇ ಕಡೆ ದೊಡ್ಡದಾಗಿ ಬಾಯಿ ಬಿಡುತ್ತದೆ.

ಡಬ್ಬ ಕುಲುಕಬೇಡಿ, ಗುಳ್ಳೆ ಏಳುತ್ತವೆ. ಕೋಲಿನಿಂದ ಕಲಕಿ. ರೋಲರಿನ ಹಸಿ ಅಂಚು ಒಣಗುವ ಮೊದಲೇ ಮುಂದಿನ ಸಾಲು ಸೇರಿಸಿ, ಫ್ಯಾನ್ ಹಾಕಬೇಡಿ. ಮೊದಲ ಕೋಟು ಒಣಗಿದಾಗ ನಾರು ಎದ್ದು ನೆಲ ತರಿತರಿಯಾಗುತ್ತದೆ. ಹೆದರಬೇಡಿ, 180 ನಂಬರಿನಲ್ಲಿ ಹಗುರಾಗಿ ಉಜ್ಜಿ, ಒರೆಸಿ, ಮುಂದಿನ ಕೋಟು ಹಾಕಿ. ಒಂದು ದಿನ ಕಳೆದ ಮೇಲೆ ಬರಿ ಕಾಲ್ಚೀಲದಲ್ಲಿ ಓಡಾಡಬಹುದು, ರತ್ನಗಂಬಳಿ ಹಾಸಲು ಒಂದು ವಾರದ ಮೇಲೆಯೇ.