ಮಗಳು ಬರೆದದ್ದೂ ಸರಿ, ನೀವು ತಿದ್ದಿದ್ದೂ ಸರಿ: ಸರಳರೇಖೆಯ ಆದರ್ಶ ರೂಪದ ಬಗ್ಗೆ

ಮಗಳು 9ಎಕ್ಸ್ − 12ವೈ = 10 ಎಂದು ಬರೆದಿದ್ದ ಉತ್ತರವನ್ನು ತಾವು 9ಎಕ್ಸ್ − 12ವೈ − 10 = 0 ಎಂದು ತಿದ್ದಿದ್ದರಿಂದ ಅವಳಿಗೆ ಅಂಕ ಹೋಯಿತೆಂದು ನೊಂದು ಬರೆದಿದ್ದೀರಿ. ಎರಡೂ ಒಂದೇ ರೇಖೆಯ ಸಮೀಕರಣಗಳು. ಎಲ್ಲ ಪದಗಳನ್ನೂ ಎಡಕ್ಕೆ ತಂದು ಬಲಗಡೆ ಸೊನ್ನೆ ಉಳಿಸುವುದನ್ನೇ ಆದರ್ಶ ರೂಪವೆಂದು ಭಾರತದಲ್ಲಿ ಕಲಿತು ಬಂದ ನಮಗೆ, ಸ್ಥಿರಾಂಕವನ್ನು ಬಲಗಡೆಯೇ ಬಿಡುವ ಅಮೆರಿಕದ ಶಾಲೆಗಳ ಕ್ರಮ ಅರ್ಧಕ್ಕೆ ನಿಂತ ಲೆಕ್ಕದಂತೆ ಕಾಣುವುದು ಸಹಜ. ಅಲ್ಲಿ ಸಾಮಾನ್ಯವಾಗಿ ಇನ್ನೂ ಮೂರು ನಿಯಮಗಳನ್ನು ಪಾಲಿಸಲು ಹೇಳುತ್ತಾರೆ: ಸಂಖ್ಯೆಗಳೆಲ್ಲ ಪೂರ್ಣಾಂಕಗಳಾಗಿರಬೇಕು, ಅವುಗಳಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು, ಎಕ್ಸ್‌ನ ಸಹಗುಣಕ (ಅದನ್ನು ಗುಣಿಸುವ ಸಂಖ್ಯೆ) ಋಣವಾಗಿರಬಾರದು.

ನಿಮ್ಮ ಮಗಳ ಲೆಕ್ಕ ವೈ = (3/4)ಎಕ್ಸ್ − 5/6 ಎಂದು ಇಳಿಜಾರು ಮತ್ತು ಅಂತಃಛೇದಗಳ (ರೇಖೆ ವೈ ಅಕ್ಷವನ್ನು ಕತ್ತರಿಸುವ ಜಾಗ) ರೂಪದಲ್ಲಿ ಶುರುವಾಗುತ್ತದೆ. ಛೇದಗಳಾದ 4 ಮತ್ತು 6ರ ಲ.ಸಾ.ಅ. 12 ಆದ್ದರಿಂದ ಎರಡೂ ಬದಿಗಳನ್ನು 12ರಿಂದ ಗುಣಿಸಿದರೆ 12ವೈ = 9ಎಕ್ಸ್ − 10 ಸಿಗುತ್ತದೆ. ಎರಡೂ ಬದಿಗಳಿಂದ 9ಎಕ್ಸ್ ಕಳೆದರೆ −9ಎಕ್ಸ್ + 12ವೈ = −10 ಆಗುತ್ತದೆ; ಇದನ್ನು −1ರಿಂದ ಗುಣಿಸಿದಾಗ ಅವಳು ಬರೆದ ಉತ್ತರವೇ ಬರುತ್ತದೆ. "ಆಚೆ ಹೋದರೆ ಚಿಹ್ನೆ ಬದಲಾಗುತ್ತದೆ" ಎಂದು ನಾವು ಬಾಯಿಪಾಠ ಮಾಡಿದ್ದನ್ನು ಮಕ್ಕಳಿಗೆ ದಾಟಿಸದೆ, ಎರಡೂ ಬದಿಗಳಿಗೆ ಒಂದೇ ಕೆಲಸ ಮಾಡುತ್ತಿದ್ದೇವೆ ಎಂದೇ ಹೇಳಿಕೊಡಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ನನ್ನ ಮಗ ಬಹಳ ದಿನ ಎಡವಿದ್ದು ಗುಣಾಕಾರದಲ್ಲಿ. ವೈ = (2/3)ಎಕ್ಸ್ + 4 ಎಂಬುದನ್ನು ಅವನು 3ವೈ = 2ಎಕ್ಸ್ + 4 ಎಂದು ಬರೆಯುತ್ತಿದ್ದ. ಭಿನ್ನರಾಶಿಯನ್ನು ಹೋಗಲಾಡಿಸುವುದಷ್ಟೇ ಉದ್ದೇಶವೆಂದು ತಿಳಿದಿದ್ದ ಅವನಿಗೆ, ಭಿನ್ನರಾಶಿಯಲ್ಲದ 4ನ್ನೂ ಗುಣಿಸಿ 12 ಮಾಡಬೇಕೆಂಬುದು ಹೊಳೆಯುತ್ತಿರಲಿಲ್ಲ. ಈ ತಪ್ಪಿನಲ್ಲಿ ಇಳಿಜಾರು 2/3 ಆಗಿಯೇ ಉಳಿಯುತ್ತದೆ, ಆದರೆ ರೇಖೆ ವೈ ಅಕ್ಷವನ್ನು 4ರಲ್ಲಿ ಕತ್ತರಿಸುವ ಬದಲು 4/3ರಲ್ಲಿ ಕತ್ತರಿಸುತ್ತದೆ. ಹಾಗಾಗಿ ಇಳಿಜಾರನ್ನು ಮಾತ್ರ ತಾಳೆ ನೋಡುವ ಮಗುವಿಗೆ ತಪ್ಪು ಕಾಣುವುದೇ ಇಲ್ಲ. ಎರಡು ರೇಖೆಗಳನ್ನೂ ಒಂದೇ ಗ್ರಾಫ್ ಹಾಳೆಯಲ್ಲಿ ಎಳೆಯಿಸಿದೆ. ಅವು ಎಲ್ಲಿಯೂ ಸಂಧಿಸದೆ ಸಮಾಂತರವಾಗಿ ಸಾಗಿದ್ದನ್ನು ಕಂಡ ಮೇಲೆ ಅವನು ಆ ತಪ್ಪನ್ನು ಮತ್ತೆ ಮಾಡಲಿಲ್ಲ. ನಿಮ್ಮ ಮಗಳ ಲೆಕ್ಕದಲ್ಲಿ ಎಕ್ಸ್ = 2 ಎಂದಿಟ್ಟರೆ ಮೂಲ ಸಮೀಕರಣದಿಂದ ವೈ = 2/3 ಬರುತ್ತದೆ; ಅದನ್ನು ಹೊಸ ರೂಪದಲ್ಲಿ ಇಟ್ಟು ನೋಡಿದರೆ 18 − 8 = 10, ಸರಿಯಾಗಿದೆ.

ದಶಮಾಂಶಗಳಿದ್ದರೂ ದಾರಿ ಇದೇ: ವೈ = 0.25ಎಕ್ಸ್ + 1.5 ಎಂಬುದನ್ನು 4ರಿಂದ ಗುಣಿಸಿದರೆ ಎಕ್ಸ್ − 4ವೈ = −6 ಆಗುತ್ತದೆ.

ಇಳಿಜಾರು ಕಣ್ಣಿಗೆ ಕಾಣುವ ರೂಪವನ್ನು ಬಿಟ್ಟು ಇಷ್ಟು ಶ್ರಮವೇಕೆ ಎಂದು ಮಗಳು ಕೇಳುತ್ತಾಳೆಂದಿರಿ, ಒಳ್ಳೆಯ ಪ್ರಶ್ನೆ. ಎಕ್ಸ್ = 4 ಎಂಬ ಲಂಬ ರೇಖೆಯನ್ನು ಇಳಿಜಾರಿನ ರೂಪದಲ್ಲಿ ಬರೆಯಲು ಅವಳಿಗೆ ಹೇಳಿ. ಅದರ ಇಳಿಜಾರನ್ನು ಲೆಕ್ಕ ಹಾಕಲು ಹೋದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಆದ್ದರಿಂದ ಆ ರೂಪದಲ್ಲಿ ಅದಕ್ಕೆ ಜಾಗವಿಲ್ಲ. ಆದರ್ಶ ರೂಪದಲ್ಲಾದರೆ ವೈನ ಸಹಗುಣಕವನ್ನು ಸೊನ್ನೆ ಮಾಡಿದರೆ ಸಾಕು.