ಅಪ್‌ಡೇಟ್: ಅಜ್ಜನ ಸೈಕಲ್ ರಸ್ತೆಗಿಳಿಯಿತು

ತೀರ್ಥಹಳ್ಳಿಯ ಮನೆಯ ಅಟ್ಟದಲ್ಲಿ ಸಿಕ್ಕ ಸೇನ್-ರ‍್ಯಾಲೆ ಸೈಕಲ್ಲಿನ ಕಾಟರ್ ಪಿನ್ (ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಹಿಡಿಯುವ ಬೆಣೆ) ಜಪ್ಪಯ್ಯ ಅಂದರೂ ಕದಲುತ್ತಿಲ್ಲ, ಬಣ್ಣ ಕೆರೆಸಲೇ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಶಿವಮೊಗ್ಗದ ಹಿರಿಯ ಮೆಕ್ಯಾನಿಕ್ ಒಬ್ಬರು ಪಿನ್ನಿಗೆ ರಾತ್ರಿಯೆಲ್ಲ ಎಣ್ಣೆ ಕುಡಿಸಿದರು. ಬೆಳಿಗ್ಗೆ ಕ್ರ್ಯಾಂಕಿನ, ಅಂದರೆ ಆ ಪೆಡಲಿನ ತೋಳಿನ, ಅಡಿಗೆ ಕಬ್ಬಿಣದ ಕೊಳವೆಯ ಊರೆ ಕೊಟ್ಟು ಒಂದೇ ಏಟು ಹಾಕಿದರು, ಪಿನ್ ಠಣ್ಣನೆ ನೆಲಕ್ಕೆ ಬಿತ್ತು. ಊರೆ ಇಲ್ಲದಿದ್ದರೆ ಏಟೆಲ್ಲ ಬೇರಿಂಗಿಗೆ ಬೀಳುತ್ತದಂತೆ.

ಬಣ್ಣ ಮುಟ್ಟಿಸಲಿಲ್ಲ. ಆಸನ್ಸೋಲ್‌ನ ಸೇನ್-ರ‍್ಯಾಲೆ ಕಾರ್ಖಾನೆಯಲ್ಲಿ ಬಳಿದ ಕಪ್ಪು, ತುಕ್ಕಿನ ನಡುವೆ ಮಿರುಗುತ್ತಿದೆ; ಹೊಸ ಬಣ್ಣ ಯಾರಿಗೆ ಬೇಕು? 28 ಇಂಚಿನ ಟೈರು ಸುಲಭವಾಗಿ ಸಿಕ್ಕಿತು.

ಆಗುಂಬೆ ಘಾಟಿ ಇಳಿಸಿ ನೋಡಿ ಎಂದು ಆಗ ಸಲಹೆ ಕೊಟ್ಟವರಿಗೆ ದೊಡ್ಡ ನಮಸ್ಕಾರ. ಮಳೆಯಲ್ಲಿ ನೆನೆದ ಕ್ರೋಮ್ ರಿಮ್ಮಿಗೆ ರಾಡ್ ಬ್ರೇಕ್ (ತಂತಿಯ ಬದಲು ಕಂಬಿಯಿಂದ ಎಳೆಯುವ ಹಳೇ ಬ್ರೇಕು) ಹಿಡಿಯುವುದೇ ಕಷ್ಟ, ಅದರಲ್ಲಿ 14 ತಿರುವು ಬೇರೆ! ಸದ್ಯಕ್ಕೆ ತುಂಗಾ ಸೇತುವೆಯವರೆಗೆ ಸಾಕು.