ಅಪ್‌ಡೇಟ್: ಗಾಲಿಕುರ್ಚಿಯ ಮೋಟರ್ ಘಟಕಕ್ಕೆ ಅನುದಾನ

ಶಿರಸಿಯಲ್ಲಿ ಗಾಲಿಕುರ್ಚಿಗೆ ಜೋಡಿಸುವ ಮೋಟರ್ ಘಟಕ ತಯಾರಿಸಲು ಸರ್ಕಾರದ ಹಣ ಸಿಗುತ್ತದೆಯೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ತಿಳಿದುಬಂದದ್ದು ಇಷ್ಟು.

ಮೊದಲ ಮಾದರಿ ಕಟ್ಟುವ ಹಂತಕ್ಕೆ ಕೇಂದ್ರ ಸರ್ಕಾರದ ಅನುದಾನ ಯೋಜನೆ ನಿಧಿ-ಪ್ರಯಾಸ್ ಸರಿ: 10 ಲಕ್ಷದವರೆಗೆ, ಇನ್‌ಕ್ಯುಬೇಟರ್ (ಹೊಸ ಉದ್ಯಮಗಳಿಗೆ ನೆರವಾಗುವ ಕೇಂದ್ರ) ಮೂಲಕ. ಪಿಎಂಇಜಿಪಿ (ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ) ಇರುವುದು ಉತ್ಪಾದನೆಗೆ, ಸಂಶೋಧನೆಗಲ್ಲ. ಅದಕ್ಕೆ ಆನ್‌ಲೈನ್ ಅರ್ಜಿ; ವಿಚಾರಣೆಗೆ ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ. ಉತ್ಪಾದನಾ ಘಟಕದ ಯೋಜನಾ ವೆಚ್ಚ 50 ಲಕ್ಷದವರೆಗೆ ಇರಬಹುದು, ಜಾಗದ ಬೆಲೆ ಸೇರಿಸುವಂತಿಲ್ಲ.

ಜಾಗ ಆರಿಸುವಾಗಲೇ ಲೆಕ್ಕ ಹಾಕಿ. ಅರ್ಜಿದಾರರು ಅಂಗವಿಕಲರು ಅಥವಾ ಮಹಿಳೆಯಾದರೆ ಶಿರಸಿ ನಗರದೊಳಗೆ ಸಬ್ಸಿಡಿ ಯೋಜನಾ ವೆಚ್ಚದ 25%, ಪಂಚಾಯಿತಿ ವ್ಯಾಪ್ತಿಯಲ್ಲಿ 35%. ಸ್ವಂತ ಬಂಡವಾಳ 5% ಸಾಕು. ಆದರೆ ಸಬ್ಸಿಡಿ ಕೈಗೆ ಬರುವುದಿಲ್ಲ. 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಆಮೇಲೆ ಸಾಲಕ್ಕೆ ಜಮೆ. ಹೆಚ್ಚಿನವರು ಎಡವುವುದು ಇಲ್ಲೇ: ಅದನ್ನೇ ನಂಬಿ ಬಿಡಿಭಾಗಕ್ಕೆ ಆರ್ಡರ್ ಕೊಡುತ್ತಾರೆ. ಈಗಾಗಲೇ ನಡೆಯುತ್ತಿರುವ ವರ್ಕ್‌ಶಾಪ್‌ಗೆ ಹೊಸ ಘಟಕದ ಈ ನೆರವು ಸಿಗದು.